ಪಂಚಮಿ ಜೋಕಾಲಿ: ಜೀಕಿದರೆ ಮೇಲೇರೋದು ಹೇಗೆ, ಹಗ್ಗಕ್ಕೆ ಭಾರ ಬೀಳೋದು ಎಲ್ಲಿ?

ನಾಗರ ಪಂಚಮಿ ಬಂತೆಂದರೆ ಹಗ್ಗದ ಅಂಗಡಿಗಳಲ್ಲಿ ವ್ಯಾಪಾರ ಜೋರು. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಕಡೆಯ ಹಳ್ಳಿಗಳಲ್ಲಿ ಬೇವು, ಹುಣಸೆ ಮರಗಳಿಗೆ ಜೋಕಾಲಿ ಬೀಳುತ್ತೆ. ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ ತಿಂದು ಜೋಕಾಲಿ ಹತ್ತಿದರೆ ಇಳಿಯೋದು ಸಂಜೆಗೇ. ಹಿಂದಿನಿಂದ ಯಾರೂ ನೂಕದಿದ್ದರೂ ಅದು ಮೇಲೆ ಮೇಲೆ ಏರೋದು ಹೇಗೆ?

ಗುಟ್ಟು ಇರೋದು ಮೊಣಕಾಲಲ್ಲಿ. ನಿಂತು ಜೀಕುವವರನ್ನು ಗಮನಿಸಿ. ತುದಿಯಲ್ಲಿ ಕುಕ್ಕರಿಸುತ್ತಾರೆ, ಜೋಕಾಲಿ ತಳಕ್ಕೆ ಬಂದಾಗ ಎದ್ದು ನಿಲ್ಲುತ್ತಾರೆ. ತಳದಲ್ಲಿ ವೇಗ ಹೆಚ್ಚು, ಮೈ ಭಾರ ಅನ್ನಿಸುತ್ತೆ. ಆ ಭಾರ ಎತ್ತಿಕೊಂಡು ಏಳೋಕೆ ಕಾಲು ಜಾಸ್ತಿ ದುಡಿಯಬೇಕು. ತುದಿಯಲ್ಲಿ ಅರೆಗಳಿಗೆ ನಿಂತಾಗ ಮೈ ಹಗುರ, ಅಲ್ಲಿ ಕುಕ್ಕರಿಸಿದರೆ ಕಳೆಯೋದು ಕಡಿಮೆ. ಹಾಕಿದ್ದು ಜಾಸ್ತಿ, ತೆಗೆದದ್ದು ಕಡಿಮೆ, ಉಳಿದದ್ದು ಜೋಕಾಲಿ ಖಾತೆಗೆ ಜಮಾ. ಇದನ್ನೇ ಉಲ್ಟಾ ಮಾಡಿದರೆ ಓಡುವ ಜೋಕಾಲಿಯೂ ನಿಧಾನ ಆಗುತ್ತೆ.

ಇಬ್ಬರು ಎದುರುಬದುರು ನಿಂತಾಗ ಹೋಗುವಾಗ ಒಬ್ಬರು, ಬರುವಾಗ ಇನ್ನೊಬ್ಬರು ಜೀಕುತ್ತಾರೆ. ಅದಕ್ಕೇ ಜೋಡಿ ಜೋಕಾಲಿ ಬೇಗ ಏರುತ್ತೆ. ಆದರೆ ಅಲುಗದೆ ನಿಂತ ಜೋಕಾಲಿ ಮೇಲೆ ಬರೀ ಎದ್ದು ಕುಕ್ಕರಿಸಿದರೆ ಏನೂ ಆಗಲ್ಲ. ಮೊದಲು ಒಂದು ನೂಕು ಬೇಕೇ ಬೇಕು. ಪಾರ್ಕಿನಲ್ಲಿ ಕೂತು ಆಡೋ ಮಕ್ಕಳ ವರಸೆ ಬೇರೆ: ಮುಂದೆ ಹೋಗುವಾಗ ಕಾಲು ಚಾಚಿ ಹಿಂದಕ್ಕೆ ವಾಲೋದು, ಹಿಂದೆ ಬರುವಾಗ ಕಾಲು ಮಡಚೋದು.

ಜೀಕಿನ ತಾಳ ಹೇಳಿಕೊಡೋದು ಹಗ್ಗದ ಉದ್ದ, ಕೂತವರ ತೂಕ ಅಲ್ಲ. ಸುಮಾರು ಎರಡೂಕಾಲು ಮೀಟರ್ ಹಗ್ಗವಾದರೆ ಹೋಗಿ ಬರೋಕೆ 3 ಸೆಕೆಂಡ್. 9 ಮೀಟರ್ ಆದರೆ 6 ಸೆಕೆಂಡ್. ಉದ್ದ ನಾಲ್ಕು ಪಟ್ಟಾದರೂ ಹೊತ್ತು ಎರಡೇ ಪಟ್ಟು. ತೀರಾ ಮೇಲಕ್ಕೆ ಜೀಕಿದಾಗ ಇನ್ನೂ ಸ್ವಲ್ಪ ಹೆಚ್ಚು ಹಿಡಿಯುತ್ತೆ.

ಇನ್ನು ಹಗ್ಗದ ವಿಷಯ. ತುದಿಯಲ್ಲಿ ಹಗ್ಗ ಹರಿದೀತು ಅಂತ ಕೆಳಗೆ ನಿಂತವರು ಹೆದರುತ್ತಾರೆ, ನಿಜವಾದ ಭಾರ ಬೀಳೋದು ತಳದಲ್ಲಿ. ಹಗ್ಗದ ಉದ್ದದ ಅರ್ಧದಷ್ಟು ಎತ್ತರದಿಂದ ಇಳಿದು ಬಂದರೆ ತಳದಲ್ಲಿ ತೂಕ ಎರಡು ಪಟ್ಟು. ಟೊಂಗೆಯ ಸಮಕ್ಕೆ ಏರಿ ಬಂದರೆ ಮೂರು ಪಟ್ಟು. ತಲಾ 60 ಕೆಜಿಯ ಇಬ್ಬರು ಅಂದರೆ 360 ಕೆಜಿ! ಹೆಚ್ಚುಕಡಿಮೆ ಮೂರೂವರೆ ಕ್ವಿಂಟಲ್. ಅದೇ ಹೊತ್ತಿಗೆ ಎದ್ದು ನಿಲ್ಲೋ ಒತ್ತು ಬೇರೆ. ಹಲಗೆ ಓರೆಯಾಗಿದ್ದರೆ ಎರಡು ಕಡೆಯ ಹಗ್ಗಕ್ಕೂ ಅದು ಸಮನಾಗಿ ಹಂಚಿಕೆ ಆಗೋದೂ ಇಲ್ಲ.

ಹಾಗಾಗಿ ಅಂಗಡಿಯಲ್ಲಿ ಹಗ್ಗ ಕೇಳುವಾಗ ಮನೆಯವರ ತೂಕ ಹೇಳಿದರೆ ಸಾಲದು, ಅದರ ಮೂರು ಪಟ್ಟಿಗಿಂತ ಸಾಕಷ್ಟು ಹೆಚ್ಚು ತಡೆಯೋದನ್ನು ಕೇಳಬೇಕು. ಗಂಟು ಬಿದ್ದಲ್ಲಿ ಹಗ್ಗದ ಬಲ ತಗ್ಗುತ್ತೆ, ಟೊಂಗೆಗೆ ಉಜ್ಜಿದಲ್ಲಿ ಎಳೆ ಸವೆಯುತ್ತೆ. ಅಲ್ಲಿ ಗೋಣಿಚೀಲ ಸುತ್ತಿ ಕಟ್ಟುವುದು ಒಳ್ಳೇದು. ವರ್ಷಗಟ್ಟಲೆ ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಹಗ್ಗ ನೋಡೋಕೆ ಗಟ್ಟಿ ಕಂಡರೂ ಜೋಕಾಲಿಗೆ ಬೇಡ.

ಟೊಂಗೆಗಿಂತ ಮೇಲಕ್ಕೆ ಜೀಕುವ ಪಂಥವೂ ಬೇಡ. ಅಲ್ಲಿ ಹಗ್ಗ ಸಡಿಲಾಗಿ, ಮೈ ನೇರ ಕೆಳಕ್ಕೆ ಬಿದ್ದು, ಹಗ್ಗ ಝಟ್ಟನೆ ಬಿಗಿಯುತ್ತೆ. ಆ ಎಳೆತದ ಮುಂದೆ ಮೂರು ಪಟ್ಟಿನ ಲೆಕ್ಕವೂ ನಿಲ್ಲಲ್ಲ.