ಲಿಯೋನ್ ನಗರದಲ್ಲಿ ಕಾಲುನಡಿಗೆ

ಫ್ರಾನ್ಸ್ ದೇಶವೆಂದೊಡನೆ ನಮ್ಮ ಮನಸ್ಸು ಪ್ಯಾರಿಸ್ ನಗರದ ಕಡೆಗೆ ಓಡುವುದು ಸಹಜ. ಆದರೆ ಆ ದೇಶದ ಆಗ್ನೇಯ ಭಾಗದಲ್ಲಿ, ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಕೂಡುವ ಎಡೆಯಲ್ಲಿ, ಲಿಯೋನ್ ಎಂಬ ಮತ್ತೊಂದು ಮಹಾನಗರವಿದೆ. ಎರಡು ಸಾವಿರ ವರ್ಷಗಳನ್ನು ದಾಟಿದ ಈ ಊರು ರೇಷ್ಮೆಯ ನೇಯ್ಗೆಯಿಂದ ಯೂರೋಪಿನಲ್ಲೆಲ್ಲ ಪ್ರಖ್ಯಾತವಾಯಿತು. ಆ ರೇಷ್ಮೆಯನ್ನು ನೇಯ್ದವರು ತಮ್ಮ ಕೂಲಿಗಾಗಿ ನಡೆಸಿದ ಹೋರಾಟದಿಂದಲೂ ಚರಿತ್ರೆಯಲ್ಲಿ ನೆಲೆಗೊಂಡಿತು. ಈ ಎರಡು ಸಂಗತಿಗಳನ್ನೂ ಅಲ್ಲಿನ ಬೀದಿ, ಮೆಟ್ಟಿಲು, ಮನೆಗಳ ಎತ್ತರ ಇವುಗಳಲ್ಲಿ ಇಂದಿಗೂ ಓದಬಹುದು. ಆದುದರಿಂದ ಲಿಯೋನನ್ನು ಅರಿಯಬೇಕೆನ್ನುವವನು ವಾಹನವನ್ನು ಬಿಟ್ಟು ನಡೆಯಬೇಕು. ಕೇಳುಗರು ಸ್ವಲ್ಪ ಹೊತ್ತು ನನ್ನೊಡನೆ ಹೆಜ್ಜೆ ಹಾಕಬೇಕೆಂದು ಪ್ರಾರ್ಥಿಸುತ್ತೇನೆ.

ಮೊದಲು ಊರಿನ ನೆಲವನ್ನು ಮನಸ್ಸಿಗೆ ತಂದುಕೊಳ್ಳೋಣ. ರೋನ್ ಆಲ್ಪ್ಸ್ ಪರ್ವತದ ಹಿಮದಲ್ಲಿ ಹುಟ್ಟಿ ರಭಸದಿಂದ ಬರುವ ನದಿ. ಸೋನ್ ಉತ್ತರದ ಬಯಲುಗಳಿಂದ ಸಾವಧಾನವಾಗಿ ಇಳಿದು ಬರುವುದು. ಇವೆರಡರ ನಡುವೆ ಉದ್ದವಾದ ನಾಲಗೆಯಂತೆ ಚಾಚಿರುವ ಭೂಮಿಯಲ್ಲಿ ಊರಿನ ಮಧ್ಯಭಾಗವಿದೆ. ಅಲ್ಲಿರುವ ಬೆಲ್ಕೂರ್ ಎಂಬ ವಿಶಾಲವಾದ ಚೌಕದ ನಡುವೆ ಹದಿನಾಲ್ಕನೆಯ ಲೂಯಿ ದೊರೆಯು ಕುದುರೆಯನ್ನೇರಿ ನಿಂತಿದ್ದಾನೆ. ಈ ಚೌಕದಿಂದ ಪಶ್ಚಿಮಕ್ಕೆ ನೋಡಿದರೆ ಸೋನ್ ನದಿಯ ಆಚೆ ಫೂರ್ವ್ಯೇರ್ ಎಂಬ ಗುಡ್ಡ. ಉತ್ತರದಲ್ಲಿ, ಎರಡು ನದಿಗಳ ನಡುವೆ, ಕ್ರ್ವಾ ರೂಸ್ ಎಂಬ ಗುಡ್ಡ. ಮೊದಲನೆಯದು ಪ್ರಾರ್ಥಿಸುವ ಗುಡ್ಡ, ಎರಡನೆಯದು ದುಡಿಯುವ ಗುಡ್ಡ ಎಂದು ಊರವರ ಮಾತು. ಪ್ರಾರ್ಥಿಸುವ ಗುಡ್ಡದಿಂದ ದುಡಿಯುವ ಗುಡ್ಡಕ್ಕೆ ನಡೆಯುವುದೇ ನಮ್ಮ ಇಂದಿನ ಪ್ರಯಾಣ.

ಸೇತುವೆಯನ್ನು ದಾಟಿದೊಡನೆ ಸಂತ ಜಾನರ ಹೆಸರಿನ ಪ್ರಧಾನ ದೇವಾಲಯವು ಎದುರಾಗುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಆರಂಭವಾದ ಇದರ ಕಟ್ಟಡವು ಹದಿನೈದನೆಯ ಶತಮಾನದವರೆಗೂ ಸಾಗಿತು. ಫ್ರಾನ್ಸಿನ ನಾಲ್ಕನೆಯ ಹೆನ್ರಿ ದೊರೆಯು ೧೬೦೦ರಲ್ಲಿ ಮೆಡಿಚಿ ಮನೆತನದ ಮರಿಯಾ ದೇವಿಯೊಡನೆ ವಿವಾಹವಿಧಿಯನ್ನು ನಡೆಸಿದ್ದು ಇಲ್ಲಿಯೇ. ಒಳಗೆ ಖಗೋಳದ ಗತಿಯನ್ನು ತೋರಿಸುವ ಒಂದು ಎತ್ತರವಾದ ಗಡಿಯಾರವಿದೆ. ೧೩೮೩ರಷ್ಟು ಹಿಂದೆಯೇ ಅದರ ಪ್ರಸ್ತಾಪ ದೊರೆಯುತ್ತದೆ.

ಅಲ್ಲಿಂದ ಮೆಟ್ಟಿಲುಗಳನ್ನು ಹತ್ತುತ್ತ ಹತ್ತುತ್ತ ಗುಡ್ಡದ ನೆತ್ತಿಗೆ ಬಂದರೆ ಶ್ವೇತವರ್ಣದ ಫೂರ್ವ್ಯೇರ್ ದೇವಾಲಯ. ೧೮೭೦ರ ಯುದ್ಧದಲ್ಲಿ ಪ್ರಷ್ಯದ ಸೇನೆಯು ಲಿಯೋನಿನವರೆಗೆ ಬಾರದೆ ಹೋದುದಕ್ಕಾಗಿ ಭಕ್ತರು ಹೊತ್ತ ಹರಕೆಯಂತೆ ೧೮೭೨ರಲ್ಲಿ ಇದರ ಕೆಲಸ ಮೊದಲಾಯಿತು. ಇದರ ಪಕ್ಕದ ಇಳಿಜಾರಿನಲ್ಲಿ ಇನ್ನೂ ಪುರಾತನವಾದ ವಸ್ತುವಿದೆ: ರೋಮನರ ನಾಟಕಶಾಲೆ. ಸುಮಾರು ೧೦,೦೦೦ ಜನರು ಕೂರಬಹುದಾಗಿದ್ದ ಅದರ ಕಲ್ಲಿನ ಮೆಟ್ಟಿಲುಸಾಲುಗಳಲ್ಲಿ ಈಗಲೂ ಬೇಸಗೆಯಲ್ಲಿ ಜನರು ಸಂಗೀತ ನಾಟಕಗಳನ್ನು ನೋಡುತ್ತಾರೆ. ಕ್ರಿಸ್ತಪೂರ್ವ ೪೩ರಲ್ಲಿ ಮುನಾಷಿಯಸ್ ಪ್ಲಾಂಕಸ್ ಎಂಬ ರೋಮನ್ ಅಧಿಕಾರಿಯು ಲುಗ್ಡುನಮ್ ಎಂಬ ಹೆಸರಿನಿಂದ ಸ್ಥಾಪಿಸಿದ ಊರು ಇದು. ಚಕ್ರವರ್ತಿ ಕ್ಲಾಡಿಯಸ್ ಹುಟ್ಟಿದ್ದು ಇಲ್ಲಿ. ಗಾಲ್ ದೇಶದ ಪ್ರಮುಖರಿಗೂ ರೋಮಿನ ಹಿರಿಯರ ಸಭೆಯಲ್ಲಿ ಸ್ಥಾನ ದೊರೆಯಬೇಕೆಂದು ಅವನು ಕ್ರಿಸ್ತಶಕ ೪೮ರಲ್ಲಿ ವಾದಿಸಿದನು. ಆ ಭಾಷಣವನ್ನು ಕೊರೆದ ಕಂಚಿನ ಫಲಕವು ೧೫೨೮ರಲ್ಲಿ ಕ್ರ್ವಾ ರೂಸ್ ಗುಡ್ಡದ ನೆಲದಲ್ಲಿ ದೊರಕಿತು. ಈಗ ಅದು ನಾಟಕಶಾಲೆಯ ಪಕ್ಕದ ವಸ್ತುಸಂಗ್ರಹಾಲಯದಲ್ಲಿದೆ.

ಗುಡ್ಡವನ್ನಿಳಿದು ಹಳೆಯ ಲಿಯೋನನ್ನು ಪ್ರವೇಶಿಸೋಣ. ಇಲ್ಲಿನ ಬೀದಿಗಳು ಸೋನ್ ನದಿಗೆ ಸಮಾನಾಂತರವಾಗಿ ಓಡುತ್ತವೆ. ಅಡ್ಡಬೀದಿಗಳು ಬಹು ವಿರಳ. ಹಾಗಾದರೆ ಒಂದು ಬೀದಿಯವನು ಮುಂದಿನ ಬೀದಿಗೆ, ನದಿಯ ದಂಡೆಗೆ, ಹೋಗುವುದು ಹೇಗೆ? ಇದಕ್ಕೆ ಊರವರು ಕಂಡುಕೊಂಡ ಉಪಾಯವೇ ತ್ರಾಬೂಲ್. ಮನೆಯ ಬಾಗಿಲಿನಂತೆಯೇ ಕಾಣುವ ಒಂದು ಬಾಗಿಲನ್ನು ತಳ್ಳಿದರೆ ಕತ್ತಲೆಯ ಓಣಿ. ಓಣಿಯ ಕೊನೆಯಲ್ಲಿ ಬೆಳಕು ಸುರಿಯುವ ಅಂಗಳ, ಅದರ ಸುತ್ತ ಕಲ್ಲಿನ ಮೊಗಸಾಲೆಗಳು, ಸುತ್ತುಮೆಟ್ಟಿಲಿನ ಗೋಪುರ. ಮತ್ತೆ ಒಂದು ಓಣಿ. ಅದನ್ನು ದಾಟಿದರೆ ಬೇರೊಂದು ಬೀದಿ. ‘ಹಾದುಹೋಗು’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಈ ಹೆಸರು ಬಂದಿದೆ. ಈ ಓಣಿಗಳು ಸಂಸಾರವಂದಿಗರ ಮನೆಗಳೊಳಗಿನಿಂದಲೇ ಹೋಗುತ್ತವಾದುದರಿಂದ ದಾರಿಗನು ದನಿಯನ್ನು ತಗ್ಗಿಸಿ ನಡೆಯಬೇಕೆಂಬುದು ಅಲ್ಲಿನ ಮರ್ಯಾದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಊರನ್ನು ಆಕ್ರಮಿಸಿದ್ದಾಗ ಗುಪ್ತವಾಗಿ ಪ್ರತಿಭಟಿಸುತ್ತಿದ್ದವರಿಗೆ ಇಂತಹ ದಾರಿಗಳು ಆಸರೆಯಾದವು.

ಹಳೆಯ ಲಿಯೋನಿಗೆ ರೇಷ್ಮೆಯ ಭಾಗ್ಯವು ಬಂದದ್ದು ೧೫೩೬ರಲ್ಲಿ. ಇಟಲಿಯಿಂದ ರೇಷ್ಮೆ ಬಟ್ಟೆಯನ್ನು ತರಿಸುವುದರಲ್ಲಿ ರಾಜ್ಯದ ಹಣವೆಲ್ಲ ಹೊರಗೆ ಹೋಗುತ್ತಿರುವುದನ್ನು ಕಂಡು ಒಂದನೆಯ ಫ್ರಾನ್ಸಿಸ್ ದೊರೆಯು ಈ ಊರಿಗೆ ರೇಷ್ಮೆ ನೇಯ್ಗೆಯ ಹಕ್ಕುಗಳನ್ನು ದಯಪಾಲಿಸಿದನು. ಇಟಲಿಯ ಕಸಬುದಾರರು ಬಂದು ನೆಲಸಿದರು. ಅರಮನೆಗಳೂ ದೇವಾಲಯಗಳೂ ಲಿಯೋನಿನ ಬಟ್ಟೆಯನ್ನು ಬೇಡಿದವು. ಆದರೆ ಬೇಡಿಕೆಯು ತಗ್ಗಿದಾಗ ಮಗ್ಗವು ನಿಲ್ಲುತ್ತಿತ್ತು, ನೇಕಾರನ ಒಲೆಯೂ ಆರುತ್ತಿತ್ತು. ಹೀಗೆ ಕೆಲಸ ಕಳೆದುಕೊಂಡ ಲೋರಾಂ ಮೂರ್ಗೆ ಎಂಬ ನೇಕಾರನು ಹಲ್ಲು ಕೀಳುವ ವೃತ್ತಿಯನ್ನು ಹಿಡಿದು, ಜನರನ್ನು ಸೆಳೆಯಲು ಗೊಂಬೆಯಾಟವನ್ನು ಆಡತೊಡಗಿದನು. ಸುಮಾರು ೧೮೦೮ರಲ್ಲಿ ಅವನ ಕೈಯಿಂದ ಹುಟ್ಟಿದ ಗಿನ್ಯೋಲ್ ಎಂಬ ಗೊಂಬೆ ಇಂದಿಗೂ ಫ್ರಾನ್ಸಿನ ಮಕ್ಕಳಿಗೆಲ್ಲ ಪರಿಚಿತ.

ಈಗ ಸೋನ್ ನದಿಯನ್ನು ಮರಳಿ ದಾಟಿ ಕ್ರ್ವಾ ರೂಸ್ ಗುಡ್ಡವನ್ನು ಹತ್ತೋಣ. ಇಲ್ಲಿ ಮನೆಗಳ ರೂಪವೇ ಬೇರೆ. ಐದಾರು ಅಂತಸ್ತುಗಳು, ಅಲಂಕಾರವಿಲ್ಲದ ಗೋಡೆಗಳು, ಎತ್ತರವಾದ ಕಿಟಕಿಗಳು. ಒಳಗೆ ಒಂದೊಂದು ಕೋಣೆಯೂ ಸುಮಾರು ನಾಲ್ಕು ಮೀಟರ್ ಎತ್ತರ. ಬಡವರ ಮನೆಗೆ ಇಷ್ಟು ಎತ್ತರವೇಕೆಂದು ಆಶ್ಚರ್ಯವಾಗಬಹುದು. ಆ ಎತ್ತರ ಮನುಷ್ಯರಿಗಾಗಿ ಇಟ್ಟುದಲ್ಲ, ಮಗ್ಗಕ್ಕಾಗಿ ಇಟ್ಟುದು.

ಲಿಯೋನಿನಲ್ಲಿ ೧೭೫೨ರಲ್ಲಿ ಹುಟ್ಟಿದ ಜೋಸೆಫ್ ಮಾರಿ ಜಕಾರ್ಡನ ಯಂತ್ರವನ್ನು ಇಲ್ಲಿ ನೆನೆಯಬೇಕು. ಬಟ್ಟೆಯಲ್ಲಿ ಹೂವು ಬಳ್ಳಿ ಮೂಡಬೇಕಾದರೆ ಪ್ರತಿಯೊಂದು ಸಲ ಲಾಳಿಯು ಓಡುವ ಮುನ್ನ ಹಾಸಿನ ಎಳೆಗಳಲ್ಲಿ ತಕ್ಕವನ್ನು ಮಾತ್ರ ಮೇಲಕ್ಕೆತ್ತಬೇಕು. ಹಿಂದೆ ಇದಕ್ಕಾಗಿ ಮಗ್ಗದ ಬಳಿ ಒಬ್ಬ ಹುಡುಗನು ದಿನವೆಲ್ಲ ಹಗ್ಗಗಳನ್ನು ಎಳೆಯುತ್ತಿದ್ದನು. ಜಕಾರ್ಡನು ಹಿಂದಿನವರ ಪ್ರಯತ್ನಗಳನ್ನು ಕೂಡಿಸಿ ೧೮೦೪ರ ಹೊತ್ತಿಗೆ ಸಿದ್ಧಪಡಿಸಿದ ಯಂತ್ರದಲ್ಲಿ ಆ ಕೆಲಸವನ್ನು ತೂತು ಹೊಡೆದ ರಟ್ಟುಗಳ ಸರಮಾಲೆಯು ಮಾಡಿತು. ರಟ್ಟಿನಲ್ಲಿ ತೂತಿದ್ದ ಕಡೆ ಸೂಜಿಯು ನುಸುಳುತ್ತದೆ, ಅದಕ್ಕೆ ಸೇರಿದ ಕೊಕ್ಕೆಯು ಎಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ಎಳೆಯು ಕೆಳಗೇ ಉಳಿಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜನು ತನ್ನ ಗಣಕಯಂತ್ರಕ್ಕೆ ಇದೇ ರಟ್ಟುಗಳನ್ನು ಬಳಸಲು ಯೋಚಿಸಿದನು. ನಮ್ಮ ನಾಡಿನ ರೇಷ್ಮೆ ಸೀರೆಗಳ ಅಂಚು ಸೆರಗುಗಳಲ್ಲಿ ಚಿತ್ತಾರ ಮೂಡಿಸುವ ಮಗ್ಗದ ಮೇಲೆಯೂ ಜಕಾರ್ಡ್ ಎಂಬ ಹೆಸರೇ ನಿಂತಿದೆ.

ಇಷ್ಟು ಜಾಣ್ಮೆಯ ಯಂತ್ರವಿದ್ದ ಮನೆಯಲ್ಲಿ ಊಟಕ್ಕೆ ಕೊರತೆಯೇಕೆ ಬಂತು? ಇದನ್ನು ತಿಳಿಯಬೇಕಾದರೆ ವ್ಯವಸ್ಥೆಯನ್ನು ನೋಡಬೇಕು. ಕೆಳಗಿನ ಊರಿನಲ್ಲಿ ಕೆಲವು ನೂರು ವರ್ತಕರಿದ್ದರು. ನೂಲು, ನಮೂನೆ, ಮಾರಾಟ ಎಲ್ಲವೂ ಅವರ ಕೈಯಲ್ಲಿ. ಮೇಲಿನ ಗುಡ್ಡದಲ್ಲಿ ಸುಮಾರು ೮,೦೦೦ ಮಂದಿ ಯಜಮಾನ ನೇಕಾರರು, ಅವರ ಕೈಕೆಳಗೆ ಸಾವಿರಾರು ಕೂಲಿಯಾಳುಗಳು. ಮಗ್ಗವೂ ಮನೆಯ ಬಾಡಿಗೆಯೂ ನೇಕಾರನ ಹೊಣೆ. ನೇಯ್ದ ಅಳತೆಗೆ ಇಷ್ಟೆಂದು ಬೆಲೆ ಕಟ್ಟುವುದು ಮಾತ್ರ ವರ್ತಕನ ಹಕ್ಕು. ಕಾನ್ಯು ಎಂದು ಕರೆಯಲ್ಪಟ್ಟ ಈ ನೇಕಾರರು ೧೮೩೧ರಲ್ಲಿ ಕೇಳಿದ್ದು ಒಂದೇ: ಕೂಲಿಗೆ ಒಂದು ಕನಿಷ್ಠ ದರವಿರಬೇಕು. ಜಿಲ್ಲೆಯ ಅಧಿಕಾರಿಯ ಎದುರಿನಲ್ಲಿ ಅಕ್ಟೋಬರ್ ೨೫ರಂದು ಅಂತಹ ದರಪಟ್ಟಿಗೆ ಎರಡು ಪಕ್ಷಗಳವರೂ ಒಪ್ಪಿದರು. ಆದರೆ ನೂರಕ್ಕೂ ಹೆಚ್ಚು ವರ್ತಕರು ಅದನ್ನು ತಿರಸ್ಕರಿಸಿದರು. ವ್ಯಾಪಾರದ ಸ್ವಾತಂತ್ರ್ಯಕ್ಕೆ ಇದು ಭಂಗವೆಂದು ಪ್ಯಾರಿಸಿನ ಸರ್ಕಾರವೂ ಭಾವಿಸಿತು.

ನವೆಂಬರ್ ೨೧ರಂದು ನೇಕಾರರು ಕಪ್ಪು ಬಾವುಟವನ್ನು ಹಿಡಿದು, ನಾವು ಹತ್ತಿ ಬಂದ ಇದೇ ಇಳಿಜಾರುಗಳಲ್ಲಿ ಇಳಿದರು. ದುಡಿದು ಬಾಳುವೆವು, ಇಲ್ಲವೆ ಹೋರಾಡಿ ಸಾಯುವೆವು ಎಂಬುದು ಅವರ ಘೋಷ. ಗುಂಡು ಹಾರಿತು, ಎರಡು ಪಕ್ಷಗಳಲ್ಲಿಯೂ ಬಹುಮಂದಿ ಮಡಿದರು. ನವೆಂಬರ್ ೨೩ರ ಹೊತ್ತಿಗೆ ಊರು ನೇಕಾರರ ವಶವಾಗಿತ್ತು. ವಿಶೇಷವೇನೆಂದರೆ, ಗೆದ್ದವರು ಲೂಟಿಗೆ ಇಳಿಯಲಿಲ್ಲ. ಶ್ರೀಮಂತರ ಅಂಗಡಿಗಳಿಗೆ ತಾವೇ ಕಾವಲು ನಿಂತರು. ಡಿಸೆಂಬರಿನ ಮೊದಲಲ್ಲಿ ಸುಮಾರು ೨೦,೦೦೦ ಸೈನಿಕರು ಬಂದರು. ದರಪಟ್ಟಿಯು ರದ್ದಾಯಿತು, ಅದಕ್ಕೆ ನೆರವಾಗಿದ್ದ ಅಧಿಕಾರಿಯೂ ಪದಚ್ಯುತನಾದನು. ೧೮೩೪ರ ಏಪ್ರಿಲಿನಲ್ಲಿ ಮತ್ತೊಮ್ಮೆ ದಂಗೆಯಾಯಿತು; ಅದನ್ನು ಇನ್ನೂ ಕಠಿಣವಾಗಿ ಅಡಗಿಸಿದರು. ಫ್ರಾನ್ಸಿನಲ್ಲಿ ಮುಷ್ಕರವು ಅಪರಾಧವಲ್ಲವೆಂದು ಕಾನೂನು ಒಪ್ಪಿದ್ದು ೧೮೬೪ರಲ್ಲಿ, ಕಾರ್ಮಿಕ ಸಂಘಗಳಿಗೆ ಮನ್ನಣೆ ದೊರಕಿದ್ದು ೧೮೮೪ರಲ್ಲಿ.

ಈ ಗುಡ್ಡದಲ್ಲಿಯೂ ತ್ರಾಬೂಲುಗಳುಂಟು. ನೇಯ್ದ ರೇಷ್ಮೆಯು ಮಳೆಗೆ ಸಿಕ್ಕದಂತೆ ನೇಕಾರರು ಅದನ್ನು ಇವುಗಳೊಳಗಿಂದಲೇ ಕೆಳಕ್ಕೆ ಹೊತ್ತರು. ಅವುಗಳಲ್ಲೆಲ್ಲ ಭವ್ಯವಾದುದು ಕೂರ್ ದೆ ವೊರಾಸ್ ಎಂಬ ಅಂಗಳ. ಅಲ್ಲಿ ಬೋಳುಕಲ್ಲಿನ ಮೆಟ್ಟಿಲುಗಳು ಆರು ಅಂತಸ್ತು ಬಯಲಿನಲ್ಲಿಯೇ ಏರುತ್ತವೆ. ಶಿಲ್ಪವಿಲ್ಲದ ಆ ಮೆಟ್ಟಿಲುಗಳ ಮುಂದೆ ನಿಂತಾಗ, ಹೊರೆ ಹೊತ್ತು ಇಳಿದು ಕೂಲಿ ಹಿಡಿದು ಹತ್ತಿದ ಎಷ್ಟೋ ತಲೆಮಾರುಗಳ ಕಾಲಸಪ್ಪಳವನ್ನು ಊಹಿಸುವುದು ಕಷ್ಟವಲ್ಲ.

ಇವೆಲ್ಲ ಉಳಿದು ಬಂದದ್ದು ತಾನಾಗಿ ಅಲ್ಲ. ಮಹಾಯುದ್ಧದ ತರುವಾಯ ಹಳೆಯ ಲಿಯೋನಿನ ಮನೆಗಳು ಶಿಥಿಲವಾಗಿ, ಅವುಗಳ ನಡುವೆ ದೊಡ್ಡ ರಸ್ತೆಯನ್ನು ಕಡಿಯುವ ಮಾತು ಹುಟ್ಟಿತು. ಊರಿನ ಅಭಿಮಾನಿಗಳು ಅದನ್ನು ವಿರೋಧಿಸಿದರು. ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರು ತಂದ ೧೯೬೨ರ ಕಾನೂನಿನಂತೆ ೧೯೬೪ರಲ್ಲಿ ಈ ಭಾಗವು ಫ್ರಾನ್ಸಿನ ಮೊತ್ತಮೊದಲ ಸಂರಕ್ಷಿತ ವಿಭಾಗವಾಯಿತು. ೧೯೯೮ರಲ್ಲಿ ಎರಡು ಗುಡ್ಡಗಳನ್ನೂ ಒಳಗೊಂಡ ಐತಿಹಾಸಿಕ ಲಿಯೋನ್ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಹೀಗೆ ದೊರೆಗಳ ವಿವಾಹ ನಡೆದ ದೇವಾಲಯಕ್ಕೆ ಸಂದ ಗೌರವವೇ ನೇಕಾರರ ಬಾಡಿಗೆಮನೆಗಳಿಗೂ ಸಂದಿತು.

ಗುಡ್ಡದ ಅಂಚಿನಲ್ಲಿ, ಹಿಮಯುಗದ ನೀರ್ಗಲ್ಲು ಆಲ್ಪ್ಸಿನಿಂದ ಹೊತ್ತು ತಂದ ಒಂದು ದೊಡ್ಡ ಬಂಡೆಯಿದೆ. ಅದರ ಬಳಿ ನಿಂತರೆ ರೋನ್ ನದಿಯೂ ಊರಿನ ಹೊಸ ಬಡಾವಣೆಗಳೂ ಕಾಣುತ್ತವೆ. ಸಾವಿರಾರು ಮಗ್ಗಗಳ ಸದ್ದು ಈಗ ಇಲ್ಲಿ ಕೇಳಿಸದು; ಕೆಲವೇ ಕೆಲಸದ ಮನೆಗಳಲ್ಲಿ ಆ ಕಸಬು ಜೀವ ಹಿಡಿದಿದೆ. ರೇಷ್ಮೆಯ ನುಣುಪನ್ನು ಮೆಚ್ಚುವವರು ಎಲ್ಲ ಕಾಲದಲ್ಲಿಯೂ ಉಂಟು. ಅದನ್ನು ನೇಯ್ದವನಿಗೆ ಸಂದದ್ದೆಷ್ಟು ಎಂದು ಕೇಳುವುದನ್ನು ಈ ಮೆಟ್ಟಿಲುಗಳು ಕಲಿಸುತ್ತವೆ. ಆ ಪ್ರಶ್ನೆಗೆ ಲಿಯೋನಿನಲ್ಲಿ ಮಾತ್ರವೇ ಬೆಲೆಯೆಂದು ತಿಳಿಯಬೇಕಾಗಿಲ್ಲ. ಜಕಾರ್ಡನ ಮಗ್ಗವು ಹೋದ ಊರುಗಳಿಗೆಲ್ಲ ಅದೂ ಜೊತೆಯಲ್ಲಿಯೇ ಹೋಗಿದೆ.