ನಿಮಗಿದು ಗೊತ್ತೆ? ಕುಲುಮೆಯ ಫ್ಯಾನಿಗೂ ಚಳಿ ತಾಕುತ್ತದೆಯೆ?

ಇಳಕಲ್‌ನ ಕೆಂಪು ಗ್ರಾನೈಟ್‌, ಬಾದಾಮಿಯ ಮರಳುಗಲ್ಲಿಗೆ ಹೆಸರಾದ ಬಾಗಲಕೋಟೆ ಜಿಲ್ಲೆಯಲ್ಲಿ ಮೊಂಡಾದ ಉಳಿಗೆ ಮತ್ತೆ ಮೊನೆ ಬರಿಸುವುದು ಕಂಬಾರರ ಕುಲುಮೆ. ಚರ್ಮದ ತಿದಿಯ ಕೆಲಸವನ್ನು ಈಗ ಹಲವೆಡೆ ಕರೆಂಟಿನ ಬ್ಲೋವರ್‌ ಮಾಡುತ್ತದೆ.

● ಗಾಳಿ ಹೆಚ್ಚಿದಂತೆ ಇದ್ದಿಲ ಕಾವೂ ಏರುತ್ತದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಂದ ಕೆಂಪಾಗುವ ಉಕ್ಕು 1,100 ಡಿಗ್ರಿ ಹೊತ್ತಿಗೆ ಹಳದಿಯಾಗುತ್ತದೆ. ಕಂಬಾರರು ಬಣ್ಣ ನೋಡಿಯೇ ಗಾಳಿ ತಗ್ಗಿಸುತ್ತಾರೆ. ಉಕ್ಕಿನಿಂದಲೇ ಕಿಡಿ ಸಿಡಿದರೆ ಅದು ಸುಡುತ್ತಿದೆ ಎಂದರ್ಥ.

● ಗಾಳಿಯಿಂದ ಕಾವು ಹಿಡಿತದಲ್ಲಿಡುವ ಇದೇ ಕೆಲಸಕ್ಕೆ ವಿದೇಶಗಳಲ್ಲಿ ಹೊಗೆಯಲ್ಲಿ ಮಾಂಸ ಬೇಯಿಸುವ ಕೆಲವು ಒಲೆಗಳಿಗೆ ಸೆನ್ಸರ್‌ ಕೂರಿಸಿರುತ್ತಾರೆ. ಕಾವು 110 ಡಿಗ್ರಿಯ ಆಸುಪಾಸಿನಿಂದ ಕೆಳಗಿಳಿದರೆ ಪುಟ್ಟ ಫ್ಯಾನ್‌ ತಾನಾಗಿ ತಿರುಗುತ್ತದೆ.

● ಹಿಮ ಬೀಳುವ ಊರುಗಳಲ್ಲಿ ಚಳಿಗೆ ಬೇರಿಂಗ್‌ನ ಗ್ರೀಸ್‌ ಮಂದವಾಗಿ ಇಂಥ ಫ್ಯಾನ್‌ ತಿರುಗಲು ತಿಣುಕಬಹುದು. ಪ್ಲಾಸ್ಟಿಕ್‌ ಪೆಡಸಾಗುತ್ತದೆ. ನಿಂತ ಫ್ಯಾನಿನೊಳಗೆ ಹೊಗೆಯ ತೇವ ತಣಿದು ಜಿಡ್ಡು ಮಸಿ ಅಂಟುತ್ತದೆ.

● ಬಾಗಲಕೋಟೆ, ಹುನಗುಂದ ಕಡೆಯ ಚಳಿ ಅಷ್ಟು ಕಟುವಲ್ಲ. ಇಲ್ಲಿ ಬ್ಲೋವರ್‌ಗೆ ವೈರಿ ಕಲ್ಲಿನ ಧೂಳು, ಬೂದಿ. ಅವು ಬೇರಿಂಗ್‌ ಹೊಕ್ಕರೆ ಕಿರುಗುಟ್ಟುವ ಸದ್ದು ಕೇಳಿಸುತ್ತದೆ. ಆಗಾಗ ರೆಕ್ಕೆ ಒರೆಸಿ, ಗಾಳಿ ಎಳೆಯುವ ಬಾಯಿಗೆ ಜಾಲರಿ ಕಟ್ಟಿದರೆ ಬಾಳಿಕೆ ಹೆಚ್ಚು.