ಓಡದ ಕಾರಿನ ಓಟದ ಚಿತ್ರ

ನಮ್ಮ ತಂದೆಯವರು 1978ರಲ್ಲಿ ಕೊಂಡ ಅಂಬಾಸಿಡರ್ ಕಾರು ಕೆಲವು ವರ್ಷಗಳಿಂದ ಮನೆಯ ಪಕ್ಕದ ತಗಡಿನ ಮಾಡಿನ ಕೆಳಗೆ ನಿಂತೇ ಇತ್ತು. ಎಂಜಿನ್ನು ಬಿಗಿದುಕೊಂಡಿತ್ತು. ಅದನ್ನು ಬಿಚ್ಚಿ ಸರಿಪಡಿಸುವ ಖರ್ಚಿನಲ್ಲಿ ಇನ್ನೊಂದು ಹಳೆಯ ಕಾರನ್ನೇ ಕೊಳ್ಳಬಹುದೆಂದು ಮೆಕ್ಯಾನಿಕ್ಕು ಹೇಳಿದ ಮೇಲೆ ಗುಜರಿಯವನೊಡನೆ ಮಾತು ಮುಗಿದು, ಒಯ್ಯುವ ದಿನವೂ ಗೊತ್ತಾಯಿತು. ಆಗ ನನ್ನ ತಂಗಿ ಒಂದು ಮಾತು ಹೇಳಿದಳು: “ಅಣ್ಣ, ಕಾರು ನಿಂತಿರುವ ಫೋಟೋ ನಮ್ಮಲ್ಲಿ ಬೇಕಾದಷ್ಟಿವೆ. ಮದುವೆಯ ಹೂವು ಕಟ್ಟಿದ್ದು, ಆಯುಧಪೂಜೆಯ ಕುಂಬಳಕಾಯಿ ಇಟ್ಟದ್ದು. ಓಡುತ್ತಿರುವುದು ಒಂದೂ ಇಲ್ಲ. ಅಪ್ಪ ಅದರಲ್ಲಿ ಎಷ್ಟು ಓಡಾಡಿದರು!”

ಮಾತು ನಿಜವಾಗಿತ್ತು. ಆದರೆ ಓಡದ ಕಾರಿನ ಓಟವನ್ನು ಚಿತ್ರದಲ್ಲಿ ಹಿಡಿಯುವುದೆಂತು? ನಾನು ಸುಮ್ಮನಾದೆ. ತಂಗಿಯ ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ, ಸುಮ್ಮನಾಗಲಿಲ್ಲ. “ಮಾವ, ಎಂಜಿನ್ನು ಕೆಟ್ಟಿರುವುದೇ ಅನುಕೂಲ” ಎಂದ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನಗೆ ಇದು ವಿರೋಧಾಭಾಸಾಲಂಕಾರದ ಉದಾಹರಣೆಯಂತೆ ಕೇಳಿಸಿತು. ಅದು ಅಲಂಕಾರವಲ್ಲ, ವಸ್ತುಸ್ಥಿತಿ ಎಂಬುದು ಮುಂದಿನ ನಾಲ್ಕು ದಿನಗಳಲ್ಲಿ ಮನದಟ್ಟಾಯಿತು.

ಓಡುವ ವಾಹನದ ಫೋಟೋ ತೆಗೆಯುವವನಿಗೆ ಮೊದಲು ಎದುರಾಗುವ ತೊಡಕು ಇದು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಸಾಗುವ ದೂರ 2 ಸೆಂಟಿಮೀಟರಿಗೂ ಕಡಿಮೆ. ಕ್ಯಾಮೆರಾದ ಷಟರ್ ಅಷ್ಟೇ ಕಾಲ ತೆರೆದು ಮುಚ್ಚಿದರೆ ಕಾರೂ ಸ್ಪಷ್ಟ, ರಸ್ತೆಯೂ ಸ್ಪಷ್ಟ. ನೋಡಿದವರು ಕಾರು ರಸ್ತೆಯ ನಡುವೆ ನಿಂತಿದೆ ಎಂದೇ ತಿಳಿಯುತ್ತಾರೆ. ಷಟರನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ರಸ್ತೆ ಸ್ಪಷ್ಟವಾಗಿಯೇ ಉಳಿದು ಕಾರು ಮಾತ್ರ ಅಳಿಸಿದ ಬಳಪದ ಗೆರೆಯಂತಾಗುತ್ತದೆ. ಕಾರು ಸಾಗುವ ದಿಕ್ಕಿಗೆ ಕ್ಯಾಮೆರಾವನ್ನೂ ತಿರುಗಿಸುತ್ತ ಹೋಗುವುದು ಹಳೆಯ ಉಪಾಯ. ಫ್ರಾನ್ಸಿನ ಜಾಕ್ ಆನ್ರಿ ಲಾರ್ತಿಗ್ ಎಂಬಾತ ಕಳೆದ ಶತಮಾನದ ಎರಡನೆಯ ದಶಕದ ಮೊದಲಲ್ಲಿ, ಇನ್ನೂ ಹುಡುಗನಾಗಿದ್ದಾಗ, ಪಂದ್ಯದ ಕಾರೊಂದನ್ನು ಹೀಗೆ ತೆಗೆದ. ಅದರಲ್ಲಿ ಚಕ್ರ ಮೊಟ್ಟೆಯಾಕಾರವಾಗಿ ಮುಂದಕ್ಕೆ ಬಾಗಿದೆ. ದಾರಿಬದಿಯ ಜನರೂ ಕಂಬಗಳೂ ಹಿಂದಕ್ಕೆ ವಾಲಿವೆ. ಆ ಕ್ಯಾಮೆರಾದ ಷಟರ್ ಒಂದು ಸೀಳಿನಂತೆ ಫಲಕದ ಮೇಲೆ ಸರಿಯುತ್ತಿದ್ದುದರಿಂದ ಚಿತ್ರದ ಬೇರೆ ಬೇರೆ ಭಾಗಗಳು ಬೇರೆ ಬೇರೆ ಗಳಿಗೆಗೆ ಸೇರಿದ್ದವು. ಕ್ಯಾಮೆರಾ ತಿರುಗಿದ ವೇಗವೂ ಕಾರಿನ ವೇಗಕ್ಕೆ ಸಾಲದಾಯಿತು. ತಾಂತ್ರಿಕವಾಗಿ ಎರಡೂ ದೋಷಗಳೇ. ಆದರೂ ವೇಗದ ಚಿತ್ರವೆಂದರೆ ಇಂದಿಗೂ ಹಲವರಿಗೆ ನೆನಪಾಗುವುದು ಅದೇ.

ಇನ್ನೊಂದು ದಾರಿಯಿದೆ. ಕ್ಯಾಮೆರಾವನ್ನು ಕಾರಿಗೇ ಕಟ್ಟಿಬಿಡುವುದು. ಸಿನಿಮಾದವರು ಈ ದಾರಿಯನ್ನು ಹಿಂದೆಯೇ ಕಂಡುಕೊಂಡರು. ಜೋಸೆಫ್ ಲೂಯಿಸ್ ನಿರ್ದೇಶಿಸಿ 1950ರಲ್ಲಿ ತೆರೆಕಂಡ ‘ಗನ್ ಕ್ರೇಜಿ’ ಎಂಬ ಅಮೆರಿಕದ ಚಿತ್ರದಲ್ಲಿ ಬ್ಯಾಂಕು ದರೋಡೆಯ ಪ್ರಸಂಗವೊಂದು ಮೂರು ನಿಮಿಷಕ್ಕೂ ಮೀರಿ ಒಂದೇ ಓಟದಲ್ಲಿ, ಕಾರಿನ ಹಿಂಬದಿಯಿಂದ ಚಿತ್ರಿತವಾಗಿದೆ. ಹಿಂದಿನ ಆಸನಗಳನ್ನು ಕಿತ್ತು, ಗ್ರೀಸು ಬಳಿದ ಹಲಗೆ ಹಾಸಿ, ಅದರ ಮೇಲೆ ಕುದುರೆಯ ಜೀನನ್ನಿಟ್ಟು, ಕ್ಯಾಮೆರಾದವನನ್ನು ಕೂರಿಸಿ ಹಿಂದೆ ಮುಂದೆ ಜಾರಿಸಿದರಂತೆ. ಹಣವಿಲ್ಲದ ಕಡೆ ಬುದ್ಧಿ ಓಡುತ್ತದೆ.

ನನ್ನ ವಿಷಯದ ಮಾತೊಂದನ್ನು ಇಲ್ಲಿ ಹೇಳದಿರಲಾರೆ. ಕಾಳಿದಾಸನ ಶಾಕುಂತಲದ ಮೊದಲ ಅಂಕದಲ್ಲಿ ರಥವೇಗದ ವರ್ಣನೆ ಇದೆಯಷ್ಟೆ. ಅಲ್ಲಿನ ಹೆಸರಾಂತ ಶ್ಲೋಕವನ್ನು ಹೇಳುವವನು ದಾರಿಬದಿಯಲ್ಲಿ ನಿಂತ ಪ್ರೇಕ್ಷಕನಲ್ಲ. ರಥದಲ್ಲೇ ಕುಳಿತ ದುಷ್ಯಂತ. ಅವನು ವರ್ಣಿಸುವುದು ರಥವನ್ನಲ್ಲ, ರಥದಿಂದ ಕಾಣುವ ಲೋಕ ತನ್ನ ಅಳತೆ ಆಕಾರಗಳನ್ನು ಕಳೆದುಕೊಳ್ಳುವುದನ್ನು. ಕವಿ ಕಣ್ಣನ್ನು ರಥದಲ್ಲಿಟ್ಟ. ನನ್ನ ಸೋದರಳಿಯ ಕ್ಯಾಮೆರಾವನ್ನು ಕಾರಿನಲ್ಲಿಡಲು ಹೊರಟ.

ಕಾರಿನಲ್ಲಿ ಎಂದರೆ ಒಳಗಲ್ಲ. ಕಾರಿನಿಂದ ಒಂದು ಉದ್ದನೆಯ ಕೊಳವೆ ಹೊರಕ್ಕೆ ಚಾಚಿರಬೇಕು. ಅದರ ತುದಿಯಲ್ಲಿ ಕ್ಯಾಮೆರಾ ಕಾರಿನ ಕಡೆಗೆ ಮುಖಮಾಡಿರಬೇಕು. ಏತದ ಮರದ ತುದಿಯಲ್ಲಿ ಬಾನಿಯ ಬದಲು ಒಂದು ಕಣ್ಣು ಎನ್ನೋಣ. ಕಾರು ಸಾಗಿದರೆ ಕ್ಯಾಮೆರಾವೂ ಅಷ್ಟೇ ಸಾಗುತ್ತದೆ. ಹಾಗಾಗಿ ಕ್ಯಾಮೆರಾದ ಪಾಲಿಗೆ ಕಾರು ಅಚಲ. ಚಲಿಸುವುದು ರಸ್ತೆ, ಮರ, ಕಾಂಪೌಂಡು ಗೋಡೆ. ಷಟರ್ ಎಷ್ಟು ಹೊತ್ತು ತೆರೆದಿದ್ದರೂ ಕಾರಿನ ಗೆರೆ ಕದಡುವುದಿಲ್ಲ. ಸುತ್ತಲಿನ ಲೋಕ ಮಾತ್ರ ಎಳೆಎಳೆಯಾಗಿ ಹರಿದುಹೋಗುತ್ತದೆ. ಹತ್ತಿರದ ಡಾಂಬರು ಹೆಚ್ಚು, ದೂರದ ಮರಗಳು ಕಡಿಮೆ, ಬಾನಂಚಿನ ಗುಡ್ಡ ಇಲ್ಲವೇ ಇಲ್ಲವೆನ್ನುವಷ್ಟು.

ಹುಡುಗನ ಒಗಟಿನ ಉತ್ತರ ಇಲ್ಲಿದೆ. ಇಂಥ ಚಿತ್ರದಲ್ಲಿ ದಾಖಲಾಗುವುದು ವೇಗವಲ್ಲ, ದೂರ. 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿನ ಎಂಟನೆಯ ಒಂದು ಭಾಗದಲ್ಲಿ ಹತ್ತಿರಹತ್ತಿರ 2 ಮೀಟರು ಸಾಗುತ್ತದೆ. ನಾವು ನಿಧಾನವಾಗಿ ತಳ್ಳಿದ ಕಾರು ಅದೇ 2 ಮೀಟರನ್ನು 2 ಸೆಕೆಂಡಿನಲ್ಲಿ ಸಾಗುತ್ತದೆ. ಷಟರ್ ಅಲ್ಲಿ ಎಂಟನೆಯ ಒಂದು ಸೆಕೆಂಡು, ಇಲ್ಲಿ 2 ಸೆಕೆಂಡು ತೆರೆದಿದ್ದರೆ ರಸ್ತೆಯ ಎಳೆಗಳ ಉದ್ದ ಎರಡರಲ್ಲೂ ಒಂದೇ. ಅಂಬಾಸಿಡರಿನ ಚಕ್ರದ ಸುತ್ತಳತೆಯೂ ಸುಮಾರು 2 ಮೀಟರೇ ಆದುದರಿಂದ ಅಷ್ಟರಲ್ಲಿ ಅದು ಒಂದು ಪೂರ್ತಿ ಸುತ್ತು ತಿರುಗಿರುತ್ತದೆ. ಯಾವುದು ಓಡಿದ್ದು, ಯಾವುದು ತಳ್ಳಿದ್ದು ಎಂದು ಚಿತ್ರ ಹೇಳಲಾರದು. ಓಡಿಸಿದರೆ ಎಂಜಿನ್ನಿನ ನಡುಕ, ಗಾಳಿಯ ಹೊಡೆತ, ಹಳ್ಳದಿಣ್ಣೆಯ ಕುಲುಕಾಟ ಎಲ್ಲವೂ ಕೊಳವೆಯ ತುದಿಗೆ ಏರುತ್ತವೆ. ತಳ್ಳಿದರೆ ಅವು ಯಾವುವೂ ಇಲ್ಲ.

ಮೊದಲ ದಿನ ಬಿದಿರಿನ ಗಳುವನ್ನು ಕಾರಿನ ಮೇಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದೆವು. ನನ್ನದೇ ಸಲಹೆ. ಹಳೆಯ ಡಿಜಿಟಲ್ ಕ್ಯಾಮೆರಾವನ್ನು ತುದಿಗೆ ಕಟ್ಟಿ ತೆಗೆದ ಹತ್ತಾರು ಚಿತ್ರಗಳಲ್ಲಿ ಒಂದರಲ್ಲೂ ಕಾರಿನ ಅಂಚು ಒಂಟಿಯಾಗಿ ಬರಲಿಲ್ಲ, ಎರಡೆರಡು ಬಂದವು. ಬಿದಿರಿನ ತಪ್ಪಲ್ಲ. ಹಗ್ಗದ ಕಟ್ಟಿನಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಆಚೆಯ ತುದಿಯಲ್ಲಿ ಅದು ಬೆರಳಷ್ಟಾಗುತ್ತದೆ. ಈ ಸಾಧನದಲ್ಲಿ ಗಮನ ಬೇಕಾದುದು ಕೋಲಿಗಿಂತ ಕೀಲಿಗೆ.

ಎರಡನೆಯ ಸಲ 50 ಮಿಲಿಮೀಟರ್ ದಪ್ಪ, 2 ಮಿಲಿಮೀಟರ್ ಗೋಡೆಯ ಅಲ್ಯುಮಿನಿಯಂ ಕೊಳವೆ ಬಂತು. ಹೊರಕ್ಕೆ ಚಾಚುವ ಭಾಗ ಮೂರೂವರೆ ಮೀಟರು. ಉದ್ದವನ್ನು ಮನಬಂದಂತೆ ಬೆಳೆಸುವಂತಿಲ್ಲ: ಉದ್ದ ಇಮ್ಮಡಿಯಾದರೆ ತುದಿಯ ಭಾರಕ್ಕೆ ಕೊಳವೆ ಬಾಗುವುದು ಎಂಟು ಮಡಿ. ಹಾಗಾಗಿ ಕೊಳವೆಯನ್ನು ಗಿಡ್ಡವಾಗಿಟ್ಟು, ಹೆಚ್ಚು ಅಗಲವನ್ನು ಒಳಗೊಳ್ಳುವ ಲೆನ್ಸನ್ನು ಹಾಕುವುದು ಜಾಣತನ. ನಮ್ಮ ಕೊಳವೆಯ ತುದಿ ಕ್ಯಾಮೆರಾದ ಭಾರಕ್ಕೆ ಎರಡು ಅಂಗುಲದಷ್ಟು ಬಾಗಿತು. ಬಾಗಿದರೆ ಚಿಂತೆಯಿಲ್ಲ, ಬಾಗಿದ್ದು ಬಾಗಿದಂತೆಯೇ ಇರಬೇಕು, ಅಷ್ಟೆ.

ಕಾರಿಗೆ ತೂತು ಕೊರೆಯದೆ ಕೊಳವೆಯನ್ನು ನಿಲ್ಲಿಸುವುದಕ್ಕೆ ಗಾಜಿನಂಗಡಿಯವರು ದೊಡ್ಡ ಗಾಜುಗಳನ್ನೆತ್ತಲು ಬಳಸುವ ರಬ್ಬರ್ ಬಟ್ಟಲುಗಳು ಒದಗಿದವು. ಬಟ್ಟಲನ್ನೊತ್ತಿ ಹಿಡಿಕೆಯ ಸನ್ನೆಯನ್ನು ಮಡಿಸಿದರೆ ಒಳಗಿನ ಗಾಳಿ ವಿರಳವಾಗಿ, ಹೊರಗಿನ ವಾಯುಮಂಡಲವೇ ಅದನ್ನು ತಗಡಿಗೆ ಅದುಮಿ ಹಿಡಿಯುತ್ತದೆ. 15 ಸೆಂಟಿಮೀಟರ್ ಅಗಲದ ಬಟ್ಟಲಿನೊಳಗೆ ಗಾಳಿಯೇ ಉಳಿಯದಿದ್ದರೆ ಆ ಒತ್ತಡ 150 ಕಿಲೋಗೂ ಮೀರುತ್ತದೆ. ಕೈಯಿಂದ ಒತ್ತಿದ ಬಟ್ಟಲಿನಲ್ಲಿ ಸಿಕ್ಕುವುದು ಅದಕ್ಕಿಂತ ಎಷ್ಟೋ ಕಡಿಮೆ. ನಮಗೆ ಬೇಕಾದದ್ದೂ ಕಡಿಮೆಯೇ. ಕೊಳವೆಯ 3 ಕಿಲೋ, ತುದಿಯಲ್ಲಿನ ಕ್ಯಾಮೆರಾದ 1 ಕಿಲೋ, ಇವೆರಡರ ಎಳೆತವನ್ನು ತಾಳಲು 70 ಸೆಂಟಿಮೀಟರ್ ಅಂತರದಲ್ಲಿ ಎರಡು ಬಟ್ಟಲುಗಳನ್ನಿಟ್ಟರೆ, ಮುಂದಿನದು ಬಾನೆಟ್ಟನ್ನು ಕೆಳಕ್ಕೊತ್ತುತ್ತದೆ. ಹಿಂದಿನದರ ಮೇಲೆ ಹನ್ನೆರಡು ಹದಿಮೂರು ಕಿಲೋದಷ್ಟು ಮೇಲ್ಮುಖದ ಎಳೆತ ಬೀಳುತ್ತದೆ. ಅಂತರವನ್ನು ಅರ್ಧಕ್ಕಿಳಿಸಿದರೆ ಎಳೆತ ಎರಡರಷ್ಟು. ಬಟ್ಟಲುಗಳನ್ನು ಆದಷ್ಟು ದೂರದೂರ ಇಡಬೇಕೆಂಬುದು ಇದಕ್ಕಾಗಿಯೇ.

ಹಳೆಯ ಕಾರುಗಳಲ್ಲಿ ಬೇರೊಂದು ಅಪಾಯವಿದೆ. ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿರುತ್ತಾರೆ. ಅಲ್ಲಿ ಬಟ್ಟಲು ಕಚ್ಚಿದರೆ ಪುಟ್ಟಿಯ ಹೆಪ್ಪಳಿಕೆಯೇ ಎದ್ದುಬರಬಹುದು. ಹುಡುಗ ಒಂದು ಅಯಸ್ಕಾಂತವನ್ನು ಬಾನೆಟ್ಟಿನ ಮೇಲೆ ಆಡಿಸುತ್ತ ಹೋದ. ಪುಟ್ಟಿಯಿರುವಲ್ಲಿ ಅದು ಹಿಡಿಯದು, ತಗಡಿರುವಲ್ಲಿ ಟಕ್ಕೆಂದು ಕೂರುತ್ತದೆ. ಹೀಗೆ ಗಟ್ಟಿ ನೆಲ ಗೊತ್ತುಮಾಡಿ, ಒದ್ದೆ ಬಟ್ಟೆಯಿಂದ ಧೂಳು ತೆಗೆದು, ಒಣಗಿಸಿ, ಬಟ್ಟಲುಗಳನ್ನು ಕೂರಿಸಿದೆವು. ಕಟ್ಟಡದ ಸಾರುವೆಗೆ ಬಳಸುವ ಕ್ಲಾಂಪುಗಳಿಂದ ಕೊಳವೆಯನ್ನು ಬಿಗಿದೆವು. ತುದಿಯಿಂದ ಬಂಪರಿನ ಎರಡು ಕೊನೆಗಳಿಗೆ ತೆಳುವಾದ ನೈಲಾನ್ ಹುರಿಗಳನ್ನು ಎಳೆದು ಕಟ್ಟಿದಾಗ ಅಡ್ಡತೂಗಾಟ ಅಡಗಿತು. ಕ್ಯಾಮೆರಾದ ಕೊರಳಿಗೆ ಮಾತ್ರ ಪ್ರತ್ಯೇಕವಾದ ಇನ್ನೊಂದು ಹುರಿ. ಬಟ್ಟಲು ಬಿಟ್ಟುಕೊಂಡರೂ ಕ್ಯಾಮೆರಾ ನೆಲಕ್ಕೆ ಬೀಳಬಾರದಲ್ಲ.

ಜನರು ಓಡಾಡುವ ರಸ್ತೆಯಲ್ಲಿ ಈ ಪ್ರಯೋಗ ಸಲ್ಲದು. ಕಾರಿನಾಚೆಗೆ ಮೂರೂವರೆ ಮೀಟರ್ ಚಾಚಿದ ಕೊಳವೆ ಸ್ಕೂಟರಿನವನ ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಇನ್ನೂ ಮನೆಗಳೇಳದ ನಮ್ಮ ಬಡಾವಣೆಯ ಕೊನೆಯ ರಸ್ತೆಯ ಎರಡೂ ತುದಿಗಳಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿದ್ದೆವು.

ಬೆಳಕಿನ ಲೆಕ್ಕವೂ ಬಂತು. ನಡುಹಗಲಿನ ಬಿಸಿಲಲ್ಲಿ ಲೆನ್ಸಿನ ಕಿಂಡಿಯನ್ನು ಹದಿನಾರರ ಗುರುತಿಗೆ ಕಿರಿದಾಗಿಸಿದರೂ ಸೆಕೆಂಡಿನ ನೂರರಲ್ಲೊಂದು ಭಾಗ ಸಾಕಾಗುತ್ತದೆ. 2 ಸೆಕೆಂಡು ತೆರೆದಿಟ್ಟರೆ ಚಿತ್ರವೆಲ್ಲ ಬಿಳಿ ಹಾಳೆ. ಬೂದುಬಣ್ಣದ ಫಿಲ್ಟರನ್ನು ಹಾಕಿ ಬೆಳಕನ್ನು ತಗ್ಗಿಸಬಹುದು. ನಮ್ಮಲ್ಲಿ ಅದಿರಲಿಲ್ಲ. ಸೂರ್ಯ ಮುಳುಗಿ ಬೆಳಕು ತಾನಾಗಿ ತಗ್ಗುವುದನ್ನು ಕಾದೆವು.

ಸ್ಟೀರಿಂಗಿನಲ್ಲಿ ತಂಗಿ ಕುಳಿತಳು, ಕೈಬ್ರೇಕಿನ ಮೇಲೆ ಕೈಯಿಟ್ಟು. ಅಪ್ಪ ಬದುಕಿರುವ ತನಕ ಆ ಆಸನ ಅವಳಿಗೆ ಸಿಕ್ಕಿದ್ದು ಕಡಿಮೆ. ಹಿಂದಿನಿಂದ ನೆರೆಮನೆಯ ಇಬ್ಬರು, ಪಕ್ಕದ ಕಂಬವನ್ನು ಹಿಡಿದು ನಾನು. ತಳ್ಳಿದ ಕೂಡಲೇ ಕೊಳವೆ, ಹಕ್ಕಿ ಹಾರಿಹೋದ ಕೊಂಬೆಯಂತೆ, ತೂಗುತ್ತದೆ. ನಾಲ್ಕಾರು ಹೆಜ್ಜೆ ಒಂದೇ ಸಮನೆ ಸಾಗಿ ತೂಗಾಟ ನಿಂತ ಮೇಲೆ ಹುಡುಗ ದೂರದಿಂದಲೇ ಗುಂಡಿಯೊತ್ತುವನು. ಎರಡು ಸೆಕೆಂಡು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಕತ್ತಲಾಗುವವರೆಗೆ ಇಪ್ಪತ್ತಾರು ಸಲ ತಳ್ಳಿದೆವು. ಮೂರು ಚಿತ್ರಗಳು ನೆಟ್ಟಗೆ ಬಂದವು.

ಕೊಳವೆ, ಹುರಿ, ಬಟ್ಟಲು ಎಲ್ಲವೂ ಚಿತ್ರದಲ್ಲಿ ಕಾಣುತ್ತವೆ, ಸಹಜವೇ. ಅವನ್ನು ಕಳಚಿದ ಮೇಲೆ, ಕ್ಯಾಮೆರಾ ಇದ್ದ ಜಾಗದಲ್ಲೇ ಟ್ರೈಪಾಡ್ ನಿಲ್ಲಿಸಿ ನಿಂತ ಕಾರಿನ ಇನ್ನೊಂದು ಫೋಟೋ ತೆಗೆದಿದ್ದ. ಬಾನೆಟ್ಟಿನ ಮರೆಯಾದ ಭಾಗವನ್ನು ಅದರಿಂದ ತಂದು ಕಂಪ್ಯೂಟರಿನಲ್ಲಿ ಸೇರಿಸಿದ. ರಸ್ತೆಯ ಮೇಲೆ ಹಾದ ಕೊಳವೆಯನ್ನು ಅಳಿಸುವುದು ಇನ್ನೂ ಸುಲಭ. ಎಳೆಗಳ ನಡುವೆ ಮತ್ತಷ್ಟು ಎಳೆಗಳು. ಬಣ್ಣದ ಹೊಳಪಿನಲ್ಲಿ ಬಿದ್ದ ಕೊಳವೆಯ ಪ್ರತಿಬಿಂಬವನ್ನು ತೆಗೆಯಲು ಮಾತ್ರ ಒಂದಿಡೀ ರಾತ್ರಿ ಹಿಡಿಯಿತು.

ಬೆಳಗ್ಗೆ ತಂದು ತೋರಿಸಿದ. ಹೆದ್ದಾರಿಯಲ್ಲಿ ಧಾವಿಸುವ ಅಂಬಾಸಿಡರು, ಗಾಜಿನೊಳಗೆ ತಂಗಿ. ಹಿಂದೆ ತಳ್ಳಿದವರನ್ನು ಕಾರೇ ಮರೆಮಾಡಿತ್ತು. ಪಕ್ಕದಲ್ಲಿದ್ದ ನನ್ನ ಕಾಲುಗಳು ಕರಗಿ ಹೊಗೆಯಾಗಿದ್ದವು, ಮೈ ಮಸುಕಾಗಿತ್ತು. ಕಂಬದ ಮೇಲಿಟ್ಟ ಅಂಗೈ ಮಾತ್ರ, ಕಾರಿನೊಡನೆಯೇ ಸಾಗಿದ್ದರಿಂದ, ಬಾಗಿಲಿನ ಹಿಡಿಯಷ್ಟೇ ನಿಚ್ಚಳವಾಗಿತ್ತು. ಬೆರಳಿನ ಉಂಗುರವೂ ಕಾಣುತ್ತಿತ್ತು.

“ಮಾವ, ನಿಮ್ಮನ್ನೂ ಅಳಿಸಿಬಿಡಲೆ?” ಎಂದು ಕೇಳಿದ.

ಕಾಲು, ಮೈ ಅಳಿಸು, ಕೈ ಇರಲಿ ಎಂದೆ. ಹಾಗೆ ಮಾಡಿದರೆ ಬರೀ ಕೈ ದೆವ್ವದ ಕೈಯಂತೆ ಕಾಣುತ್ತದೆ ಎಂದು ತಂಗಿ ಆಕ್ಷೇಪಿಸಿದಳು. ಕೊನೆಗೆ ಏನನ್ನೂ ಅಳಿಸದೆ ಬಿಟ್ಟೆವು. ಗುಜರಿಯವನು ಬಂದದ್ದು ಮರುದಿನ.